ತಿಮಿಂಗಿಲದ ಪರವಾಗಿ ಕೂತ ಜಾಗ

ರುಸ್ತಾಕ್‌ನಲ್ಲಿ ನನ್ನ ಆಫೀಸಿನ ಒಮಾನಿ ಗೆಳತಿಯ ಮನೆಯವರದ್ದೊಂದು ಖರ್ಜೂರದ ತೋಟವಿದೆ. ಕಳೆದ ತಿಂಗಳು ಒಂದು ಶುಕ್ರವಾರ ಅಲ್ಲಿಗೆ ಊಟಕ್ಕೆ ಕರೆದಿದ್ದಳು. ಬೋಳು ಬೆಟ್ಟಗಳ ನಡುವಿನ ಊರು. ಕಡಲು ಎಲ್ಲೋ ದೂರ. ಊಟ ಮುಗಿಸಿ ಕೈ ತೊಳೆಯಲೆಂದು ತೋಟದ ಕಾಲುವೆಯ ಹತ್ತಿರ ಹೋದಾಗ ಬಿಸಿಗಾಳಿಯಲ್ಲಿ ಒಂದು ವಾಸನೆ ತೇಲಿ ಬಂತು. ಹಳೆಯ ಎಣ್ಣೆ, ಕರಗಿದ ಮೇಣ, ಅದರಡಿಯಲ್ಲಿ ಎಲ್ಲೋ ಒಂದಿಷ್ಟು ಒಣಮೀನು. ಮೂಗು ಮುಚ್ಚಿಕೊಳ್ಳುವಂಥದ್ದಲ್ಲ, ಆಹಾ ಎನ್ನುವಂಥದ್ದೂ ಅಲ್ಲ. ಈ ವಾಸನೆ ನನಗೆ ಗೊತ್ತಿತ್ತು. ಇದು ಕನ್ನಡದ ವಾಸನೆ.

ಹೀಗೆಂದರೆ ನೀವು ನಗಬಹುದು. ಕೆಲವರಿಗೆ ಕನ್ನಡವೆಂದರೆ ಮಲ್ಲಿಗೆ, ಕೆಲವರಿಗೆ ಹೊಸ ಪುಸ್ತಕದ ಹಾಳೆ. ನನಗೆ ಮಾತ್ರ ತಿಮಿಂಗಿಲದ ಎಲುಬು. ಅದಕ್ಕೆ ಕಾರಣ ನಮ್ಮ ಶುಕ್ರವಾರದ ಸರ್.

ನಾನು ಹುಟ್ಟಿದ್ದು ಮಸ್ಕತ್‌ನಲ್ಲಿ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷ್, ಅಂಗಡಿಯಲ್ಲಿ ಹಿಂದಿ. ಕನ್ನಡ ನಮ್ಮ ಊರಿನ ಬಸ್ಸಿನ ಬೋರ್ಡಿನಲ್ಲಿ ಇರುವಂಥದ್ದು, ರಜೆಯಲ್ಲಿ ಹೋದಾಗ ಅಂಗಡಿಯವರ ಬಾಯಲ್ಲಿ ಕೇಳುವಂಥದ್ದು, ಅಷ್ಟೆ. ನನ್ನ ಮಮ್ಮಿಗೆ ಇದು ದೊಡ್ಡ ಕೊರಗು. ಉಡುಪಿಯಲ್ಲಿ ಕನ್ನಡ ಶಾಲೆಗೆ ಹೋದವಳು ಆಕೆ. ಮಕ್ಕಳು ಊರಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ನಿಲ್ಲುವುದನ್ನು ನೋಡಿ ನಾಚಿಕೆಯಾಯಿತಂತೆ. ಹಾಗಾಗಿ ನನ್ನನ್ನೂ ತಮ್ಮನನ್ನೂ ರೂವಿಯ ಒಂದು ಫ್ಲ್ಯಾಟಿನ ಶುಕ್ರವಾರದ ಕ್ಲಾಸಿಗೆ ಸೇರಿಸಿದಳು. ಬೆಳಿಗ್ಗೆ ಚರ್ಚು, ಮಧ್ಯಾಹ್ನ ಊಟ, ಸಂಜೆ ಕನ್ನಡ. ವಾರಕ್ಕೊಂದು ರಜೆಯ ದಿನ, ಅದೂ ಹೀಗೆ ಮಣ್ಣುಪಾಲಾಯಿತಲ್ಲ ಎಂದು ನಾವಿಬ್ಬರೂ ದಾರಿಯುದ್ದ ಮುಖ ಊದಿಸಿಕೊಂಡಿರುತ್ತಿದ್ದೆವು.

ಸರ್ ಶಾಲೆಯ ಮೇಷ್ಟ್ರಲ್ಲ. ಮೀನು ರಫ್ತು ಮಾಡುವ ಒಂದು ಕಂಪನಿಯ ಆಫೀಸಿನಲ್ಲಿದ್ದರು. ಮಂಗಳೂರು ಕಡೆಯ ಬ್ಯಾರಿ; ಅವರ ಮನೆಮಾತೂ ಕನ್ನಡವಲ್ಲ. ಕನ್ನಡ ಮನೆಮಾತಲ್ಲದವರು ಕನ್ನಡ ಮನೆಮಾತಲ್ಲದ ಮಕ್ಕಳಿಗೆ ಕನ್ನಡ ಕಲಿಸುವುದೆಂದರೆ ನಮ್ಮ ಕರಾವಳಿಯಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಸಂಬಳ ಕಡಿಮೆಯಿದ್ದ ಕಾರಣ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ವೀಸಾ ಅವರಿಗಿರಲಿಲ್ಲ. ಊರಿನವರೇ ನಾಲ್ಕೈದು ಜನರೊಂದಿಗೆ ಫ್ಲ್ಯಾಟ್ ಹಂಚಿಕೊಂಡಿದ್ದರು. ಶುಕ್ರವಾರ ಜುಮ್ಮಾ ಮುಗಿಸಿ, ಊಟ ಮಾಡಿ, ಅವರೆಲ್ಲ ಹಾಲ್ ಬಿಟ್ಟುಕೊಟ್ಟು ಒಳಗೆ ಹೋಗಿ ಮಲಗುತ್ತಿದ್ದರು. ನಾವು ಹೋಗುವಾಗ ಚಾಪೆ ಹಾಸಿ, ಗೋಳಿಬಜೆ ಕರಿದಿಟ್ಟು ಸರ್ ಬಾಗಿಲಲ್ಲೇ ನಿಂತಿರುತ್ತಿದ್ದರು.

ಆ ಹಾಲ್‌ನಲ್ಲಿ ಮೇಜು ಒಂದು, ಕಪ್ಪು ಹಲಗೆ ಒಂದು, ಮತ್ತು ಆ ಎಲುಬು. ತಿಮಿಂಗಿಲದ ಬೆನ್ನುಮೂಳೆಯ ಒಂದು ತುಂಡು, ಹೆಚ್ಚುಕಡಿಮೆ ಒರಳುಕಲ್ಲಿನಷ್ಟಿತ್ತು. ರೆಕ್ಕೆಗಳಂಥ ಬದಿಗಳು ಮುರಿದುಹೋಗಿ, ಮೇಲ್ಭಾಗ ಕೂತು ಕೂತು ನುಣ್ಣಗಾಗಿತ್ತು. ಬೇಸಿಗೆಯಲ್ಲಿ ಎಸಿ ಕೈಕೊಟ್ಟಾಗ ಅದು ಸಣ್ಣಗೆ ಎಣ್ಣೆ ಬೆವರುತ್ತಿತ್ತು. ಅದರ ಕೆಳಗೆ ಸರ್ ಹಳೆಯ ಪೇಪರು ಹಾಸಿದ್ದರು. ವಾಸನೆಗೆ ಅವರ ರೂಮಿನವರು ಹೇಳುವಷ್ಟು ಹೇಳಿ, ಸೋತು, ಸುಮ್ಮನಾಗಿದ್ದರು. ನನ್ನ ಮಮ್ಮಿ ಮಾತ್ರ ಸೋಲಲಿಲ್ಲ. ಕ್ಲಾಸಿನಿಂದ ಬಂದ ಕೂಡಲೇ ನಮ್ಮಿಬ್ಬರನ್ನೂ ನೇರ ಬಾತ್‌ರೂಮಿಗೆ ಅಟ್ಟುತ್ತಿದ್ದಳು.

ಎಲುಬಿನ ಕಥೆಯನ್ನು ಸರ್ ಒಂದೇ ಸಲ ಪೂರ್ತಿ ಹೇಳಿದ್ದರು. ಅವರು ಒಮಾನ್‌ಗೆ ಬಂದ ಮೊದಲ ವರ್ಷ, ದಕ್ಷಿಣದ ಒಂದು ಮೀನುಗಾರರ ಹಳ್ಳಿಯ ಐಸ್ ಪ್ಲಾಂಟಿನಲ್ಲಿ ಕೆಲಸ. ಆಗ ಅವರಿಗೆ ಅರಬ್ಬಿ ಬಾರದು. ಆ ಊರಿನಲ್ಲಿ ಬೇರೆ ಮಾತು ಯಾರಿಗೂ ಬಾರದು. ಒಂದು ಬೆಳಿಗ್ಗೆ ಬಾಲಕ್ಕೆ ಬಲೆ ಸುತ್ತಿಕೊಂಡ ಗೂನುಬೆನ್ನಿನ ಹೆಣ್ಣು ತಿಮಿಂಗಿಲವೊಂದು ಸತ್ತು ದಡಕ್ಕೆ ಬಂತಂತೆ. ಬಿಸಿಲು, ಹಕ್ಕಿ, ಮರಳು ಎಲ್ಲ ಸೇರಿ ಅದನ್ನು ತಿಂದು ಮುಗಿಸಿದ ಮೇಲೆ ಊರವರು ಪಕ್ಕೆಲುಬುಗಳನ್ನು ಆಡಿನ ಕೊಟ್ಟಿಗೆಯ ಬೇಲಿಗೆ ಒಯ್ದರು. ಸರ್ ಬೆನ್ನುಮೂಳೆಯ ಈ ತುಂಡನ್ನು ತಂದುಕೊಂಡರು. ಆ ವರ್ಷವಿಡೀ ಸಂಜೆ ಅದರ ಮೇಲೆ ಕೂತು, ಕಡಲಿನ ಆಚೆ ಮಂಗಳೂರು ಇದೆ ಎಂಬ ಅಂದಾಜಿನ ದಿಕ್ಕಿಗೆ ಮುಖ ಮಾಡಿ, ಒಬ್ಬರೇ ಕನ್ನಡದಲ್ಲಿ ಮಾತಾಡಿಕೊಳ್ಳುತ್ತಿದ್ದರಂತೆ... ಮಾತು ಮರೆತುಹೋದರೆ ಎಂಬ ಹೆದರಿಕೆಗೆ. ಆಮೇಲೆ ಎಷ್ಟು ರೂಮು ಬದಲಾದರೂ ಎಲುಬು ಜೊತೆಗೇ ಬಂತು. ಇಲ್ಲಿಯ ಕೆಲಸ ಮುಗಿದ ಮೇಲೆ ಕಾರ್ಗೋದಲ್ಲಿ ಊರಿಗೆ ಕಳುಹಿಸಿ, ಮನೆಯ ಸಿಟೌಟ್‌ನಲ್ಲಿ ಬಾಗಿಲ ಬಲಕ್ಕೆ ಇಡುವುದು, ಅದರ ಮೇಲೆ ಕೂತು ಮೊಮ್ಮಕ್ಕಳಿಗೆ ಒಮಾನಿನ ಕಥೆ ಹೇಳುವುದು. ಇದು ಅವರ ಏಕೈಕ ಗಲ್ಫ್ ಕನಸು. ಬೇರೆಯವರು ಬಂಗಲೆ ಕಟ್ಟಿಸುವ ಮಾತಾಡುವಾಗ ನಮ್ಮ ಸರ್ ಆ ಎಲುಬನ್ನು ಎಲ್ಲಿ ಇಡುವುದೆಂದು ಯೋಚಿಸುತ್ತಿದ್ದರು.

ಮೊದಲ ಕೆಲವು ತಿಂಗಳು ಸರ್ ನಮಗೆ ಅ ಆ ಇ ಈ ಬರೆಸಿದರು. ಬರೆದೆವು. ಅವರು ಕನ್ನಡದಲ್ಲಿ ಕೇಳಿದರೆ ನಾವು ಇಂಗ್ಲಿಷಿನಲ್ಲಿ ‘ಎಸ್ ಸರ್, ನೋ ಸರ್’ ಎಂದೆವು. ಅವರಿಗೆ ತಲೆಕೆಟ್ಟಿತು. ಒಂದು ಶುಕ್ರವಾರ, ಎಲುಬಿನ ಮೇಲೆ ಯಾರು ಕೂರುವುದೆಂದು ನಾನೂ ತಮ್ಮನೂ ಜುಟ್ಟು ಹಿಡಿದು ಜಗಳವಾಡುತ್ತಿದ್ದೆವು, ಕೊಂಕಣಿಯಲ್ಲಿ. ಸರ್ ನೋಡುತ್ತಾ ನಿಂತರು. ಅವರಿಗೆ ಅಲ್ಲೇ ಹೊಳೆದಿರಬೇಕು.

“ನಿಮ್ಮನ್ನು ಮಾತಾಡಿಸುವುದಕ್ಕೆ ಪಾಠ ಸಾಕಾಗುದಿಲ್ಲ ಮಕ್ಕಳೇ, ಜಗಳವೇ ಆಗಬೇಕು,” ಎಂದರು.

ಮುಂದಿನ ವಾರ ನಾವು ಹೋದಾಗ ಚಾಪೆಗಳ ಮೇಲೆ ರಟ್ಟಿನ ಹಲಗೆಗಳಿದ್ದವು. ನಾರ್ವೆ, ಜಪಾನ್, ಒಮಾನ್, ಭಾರತ, ಇನ್ನೂ ಸಣ್ಣಪುಟ್ಟ ದೇಶಗಳು. ಜಗತ್ತಿನಲ್ಲಿ ತಿಮಿಂಗಿಲಗಳಿಗಾಗಿಯೇ ಒಂದು ಆಯೋಗವಿದೆ, ದೇಶಗಳೆಲ್ಲ ಅಲ್ಲಿ ಕೂತು ಕೊಲ್ಲಬಹುದೋ ಬಾರದೋ ಎಂದು ಕಚ್ಚಾಡುತ್ತವೆ, ಇನ್ನು ಮೇಲೆ ಆ ಕಚ್ಚಾಟ ರೂವಿಯಲ್ಲೂ ನಡೆಯುತ್ತದೆ ಎಂದರು. ನಿಯಮಗಳು ಸರಳ. ಜಗಳ ಕನ್ನಡದಲ್ಲೇ ಆಗಬೇಕು. ಮುಕ್ಕಾಲು ಪಾಲು ದೇಶಗಳು ಒಪ್ಪಿದರೆ ಮಾತ್ರ ಕಾನೂನು. ಅಸಲಿ ಆಯೋಗದಲ್ಲೂ ಹಾಗೆಯೇ ಅಂತೆ. ಎಲುಬಿನ ಮೇಲೆ ಕೂತವರು ಆ ದಿನದ ಮಟ್ಟಿಗೆ ದೇಶ ಬಿಟ್ಟು ತಿಮಿಂಗಿಲದ ಪರವಾಗಿ ಮಾತಾಡಬೇಕು. ಸರದಿಯ ಪ್ರಕಾರ ಎಲ್ಲರಿಗೂ ಆ ಪೀಠ. ಮಾತು ಮುಗಿದ ಮೇಲೆ ಸರ್ ಸುತ್ತ ನೋಡಿ, “ಆಕ್ಷೇಪ ಉಂಟಾ?” ಎಂದು ಕೇಳುವರು. ಯಾರೂ ಬಾಯಿ ಬಿಡದಿದ್ದರೆ ಡಸ್ಟರಿನಿಂದ ಮೇಜಿಗೆ ಒಂದು ಬಡಿದು, “ಪಾಸ್. ಖಲಾಸ್,” ಎನ್ನುವರು. ಸೀಮೆಸುಣ್ಣದ ಪುಡಿ ಗೋಳಿಬಜೆಯ ಮೇಲೆಲ್ಲ ಬೀಳುವುದು.

ಎಲುಬಿನ ಮೇಲೆ ಕೂತವರು ಮೊದಲು ಹೇಳಬೇಕಾದ ಮಾತೊಂದಿತ್ತು. ಬೇರೆ ಕಡಲುಗಳ ಗೂನುಬೆನ್ನಿನ ತಿಮಿಂಗಿಲಗಳು ತಣ್ಣೀರಿಗೂ ಬಿಸಿನೀರಿಗೂ ವರ್ಷವರ್ಷ ಅಲೆಯುತ್ತವೆ. ನಮ್ಮ ಅರಬ್ಬಿ ಸಮುದ್ರದವು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಹುಟ್ಟುವುದೂ ಇಲ್ಲೇ, ಹಾಡುವುದೂ ಇಲ್ಲೇ. “ಅವು ನಮ್ಮ ಹಾಗಲ್ಲ, ರಜೆ ಸಿಕ್ಕಿದ ಕೂಡಲೇ ಪೆಟ್ಟಿಗೆ ಕಟ್ಟುದಿಲ್ಲ,” ಎಂದು ಸರ್ ನಗುತ್ತಿದ್ದರು. ಹಾಗಾಗಿ ಎಲುಬಿನ ಮೇಲೆ ಕೂತ ಪ್ರತಿಯೊಬ್ಬರೂ, ಹುಡುಗರೂ ಸೇರಿ, ಮೊದಲು ಗಟ್ಟಿಯಾಗಿ ಹೇಳಬೇಕಿತ್ತು: “ನಾನು ಇಲ್ಲಿಯವಳು. ಎಲ್ಲಿಗೂ ಹೋಗುವವಳಲ್ಲ.” ನನ್ನ ತಮ್ಮ ಇದನ್ನು ಹೇಳುವಾಗ ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು.

ನಾನು ನಾರ್ವೆ. ಅಂದರೆ ಬೇಟೆಯವಳು. ಮೊದಲು ಅತ್ತುಬಿಟ್ಟೆ. ಒಳ್ಳೆಯವರ ಪಾರ್ಟಿಗೆ ಹಾಕಿ ಸರ್ ಎಂದೆ, ಇಂಗ್ಲಿಷಿನಲ್ಲಿ. ಅವರು ಕೇಳಲಿಲ್ಲ. ಒಮಾನ್ ಆಗಿದ್ದವಳು ಮೀನು ತಿನ್ನದ ಉಡುಪಿಯ ಮನೆಯೊಂದರ ಹುಡುಗಿ. ಬಾಯಿ ಬಲು ಜೋರು. ಭಾರತ ಆಗಿದ್ದವನು ಗ್ರಾಸರಿ ಅಂಗಡಿಯವರ ಮಗ. ಅವನು ತಿಮಿಂಗಿಲಕ್ಕಾಗಿ ಕಣ್ಣೀರು ಸುರಿಸಿದ ಒಂದು ದಿನ ಒಮಾನ್, “ಮಧ್ಯಾಹ್ನ ಬಂಗುಡೆ ತಿಂದು ಬಂದಿದ್ದೀಯಲ್ಲ, ಅದಕ್ಕೆ ಯಾಕೆ ಅಳುವುದಿಲ್ಲ?” ಎಂದು ಕೇಳಿ ಅವನನ್ನು ಕಕ್ಕಾಬಿಕ್ಕಿ ಮಾಡಿದ್ದಳು. ಅವತ್ತು ಸರ್ ಕೂಡ ತಲೆ ಕೆರೆದುಕೊಂಡರು. ಬಂಗುಡೆ ಬೇಗ ಬೇಗ ಮರಿ ಮಾಡುತ್ತದೆ, ತಿಮಿಂಗಿಲ ಎಷ್ಟೋ ವರ್ಷಕ್ಕೊಂದು ಎಂದು ಒಂದು ಉತ್ತರ ಕೊಟ್ಟರು. ಅದು ಲೆಕ್ಕದ ಉತ್ತರವಾಯಿತು, ನ್ಯಾಯದ್ದಲ್ಲ ಎಂದು ಅವರಿಗೂ ಅನಿಸಿತೇನೋ. ಮುಂದಿನ ವಾರ ಗೋಳಿಬಜೆ ತಿನ್ನುತ್ತಾ, “ಆ ಬಂಗುಡೆ ಪ್ರಶ್ನೆ ನನ್ನನ್ನು ನಿದ್ರೆ ಮಾಡಲಿಕ್ಕೆ ಬಿಡ್ಲಿಲ್ಲ ಮಾರಾಯ್ತಿ,” ಎಂದು ಅವಳಿಗೆ ಹೇಳಿದ್ದು ನೆನಪಿದೆ.

ನಿಧಾನವಾಗಿ ನನಗೆ ನಾರ್ವೆಯ ರುಚಿ ಹತ್ತಿತು. ಎಲ್ಲರೂ ಒಂದು ಕಡೆ, ನಾನೊಬ್ಬಳೇ ಇನ್ನೊಂದು ಕಡೆ. ನಿಷೇಧಕ್ಕೆ ನಾನು ಮೊದಲೇ ಆಕ್ಷೇಪ ದಾಖಲಿಸಿದ್ದೇನೆ, ಹಾಗಾಗಿ ಅದು ನನಗೆ ತಾಗುವುದಿಲ್ಲ. ಕದ್ದು ಕೊಲ್ಲುವವಳಲ್ಲ, ಹೇಳಿಯೇ ಕೊಲ್ಲುತ್ತೇನೆ, ಇಷ್ಟೇ ಎಂದು ಮಿತಿ ಹಾಕಿಕೊಂಡು ಕೊಲ್ಲುತ್ತೇನೆ. ಇದು ನನ್ನ ವಾದ. ಆಯೋಗದ ಒಪ್ಪಂದಕ್ಕೆ ಸಹಿ ಹಾಕಿದ ದೇಶವೊಂದರ ಹಡಗುಗಳು ಹಿಂದೆ ಇದೇ ಕಡಲಿನಲ್ಲಿ ಕಳ್ಳತನದಿಂದ ತಿಮಿಂಗಿಲಗಳನ್ನು ಕೊಂದಿದ್ದವು ಎಂದು ಸರ್ ಹೇಳಿದಾಗ ನನಗೆ ಮೈಯೆಲ್ಲ ಉರಿಯಿತು. ನಿಯಮ ಬೇಡವೆಂದರೆ ಮುಖಕ್ಕೆ ಹೇಳಬೇಕು. ಒಪ್ಪಿಕೊಂಡ ಮೇಲೆ ಎಲ್ಲರಿಗೂ ಒಂದೇ ಇರಬೇಕು. ನನ್ನ ತಮ್ಮ ಜಪಾನ್. ಅವನದ್ದು ಒಂದೇ ಪಲ್ಲವಿ: “ನಾವು ವಿಜ್ಞಾನಕ್ಕಾಗಿ ಮಾತ್ರ ಕೊಲ್ಲುತ್ತೇವೆ.” ಹಾಗಾದರೆ ಮಾಂಸ ಯಾಕೆ ಅಂಗಡಿಗೆ ಹೋಯಿತು ಎಂದು ಕೇಳಿದರೆ, “ಅದು ಹೋಮ್‌ವರ್ಕ್,” ಎನ್ನುತ್ತಿದ್ದ. ಇಷ್ಟೆಲ್ಲ ಆದರೂ ನನ್ನ ಕನ್ನಡ ಮನೆಯಲ್ಲಿ ಉರುಹೊಡೆದ ಕನ್ನಡ. ಜಗಳ ಏರಿದಾಗ ನಾಲಿಗೆ ಇಂಗ್ಲಿಷಿಗೇ ಓಡುತ್ತಿತ್ತು.

ಆಮೇಲೆ ಆ ಶುಕ್ರವಾರ ಬಂತು. ಹಿಂದಿನ ವಾರವಷ್ಟೇ ಸರ್, ತಾನು ಬೇಸಿಗೆಗೆ ವೀಸಾ ಮುಗಿಸಿ, ಎಕ್ಸಿಟ್ ಹೊಡೆಸಿಕೊಂಡು ಊರಿಗೆ ಹೋಗಿಬಿಡುವುದಾಗಿ ತಿಳಿಸಿದ್ದರು. ಕಾರ್ಗೋದವನ ಹತ್ತಿರ ಎಲುಬಿಗೆ ಮರದ ಪೆಟ್ಟಿಗೆ ಮಾಡಿಸುವ ಮಾತೂ ಆಗಿತ್ತು. ನಮಗೆಲ್ಲ ಮುಖ ಸಣ್ಣದಾಗಿತ್ತು. ಅವತ್ತು ಒಮಾನ್ ಎದ್ದು ನಿಂತು ಹೊಸ ಕಾನೂನು ಮಂಡಿಸಿದಳು: ತಿಮಿಂಗಿಲದ ಯಾವ ಭಾಗವನ್ನೂ ಯಾರೂ ಮನೆಯಲ್ಲಿ ಇಟ್ಟುಕೊಳ್ಳಬಾರದು, ಗಡಿ ದಾಟಿಸಬಾರದು, ಸಿಕ್ಕಿದ್ದನ್ನು ಕಡಲಿಗೆ ಮರಳಿಸಬೇಕು.

ಸರ್ ಖುಷಿಯಿಂದ ಅದನ್ನು ಹಲಗೆಯ ಮೇಲೆ ಅರ್ಧ ಬರೆದರು. ಆಮೇಲೆ ಅವರ ಕೈ ನಿಂತಿತು. ಒಮಾನ್ ಎಲುಬನ್ನೇ ನೋಡುತ್ತಿದ್ದಳು. ನಾವೂ ನೋಡಿದೆವು.

“ಇದು... ಇದು ಶಿಕ್ಷಣಕ್ಕೆ ಇರುವುದಲ್ವಾ ಮಕ್ಕಳೇ,” ಎಂದರು ಸರ್. “ವಿಜ್ಞಾನಕ್ಕೆ.”

“ಸರ್, ಅದು ನನ್ನ ಡೈಲಾಗ್!” ಎಂದು ಜಪಾನ್ ಚಾಪೆಯ ಮೇಲೆ ಉರುಳಾಡಿ ನಕ್ಕಿತು.

ತಾನು ಕೊಂದದ್ದಲ್ಲ, ಅದಾಗಿಯೇ ಸತ್ತದ್ದು ಎಂದರು ಸರ್. ಎಲುಬಿಗೆ ಆಸೆಪಟ್ಟರೆ ನಾಳೆ ಬೇಕೆಂದೇ ಬಲೆ ಹಾಕಿ ಸಾಯಿಸುತ್ತಾರೆ ಎಂದು ನೀವೇ ಕಲಿಸಿದ್ದಲ್ಲವೇ ಎಂದಿತು ಭಾರತ. ಹಿಮದ ನಾಡಿನ ಮೂಲನಿವಾಸಿಗಳಿಗೆ ಸಂಪ್ರದಾಯದ ಹೆಸರಿನಲ್ಲಿ ವಿನಾಯಿತಿ ಇದೆಯಲ್ಲ, ಹಾಗೆಯೇ ಗಲ್ಫಿಗೆ ಬಂದವರು ಊರಿಗೆ ಹೋಗುವಾಗ ಏನಾದರೂ ಹೊತ್ತುಕೊಂಡು ಹೋಗುವುದು ನಮ್ಮ ಸಂಪ್ರದಾಯ ಎಂದರು ಸರ್. ಇದಕ್ಕೆ ಇಡೀ ಆಯೋಗ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿತು. “ಹಾಲಿನ ಪುಡಿ ತಗೊಂಡು ಹೋಗಿ ಸರ್, ಬಾದಾಮಿ, ಸೆಂಟು!” ಎಂದು ಸಣ್ಣ ದೇಶಗಳು ಕೂಗಿದವು. ಸರ್ ನಗುತ್ತಲೇ ಇದ್ದರು, ಆದರೆ ಕೈ ಎಲುಬಿನ ಮೇಲಿತ್ತು, ಮಗುವಿನ ತಲೆಯ ಮೇಲೆ ಇಟ್ಟ ಹಾಗೆ.

ಕೈ ಎತ್ತಿಸಿ ನೋಡಿದರೆ ಮುಕ್ಕಾಲು ಪಾಲಿಗೆ ಒಂದೇ ಒಂದು ಮತ ಕಡಿಮೆ. ಉಳಿದದ್ದು ನಾರ್ವೆ. ಬೇಟೆಯವಳು, ನಿಷೇಧಕ್ಕೆ ಒಂದು ದಿನವೂ ಕೈ ಎತ್ತಿದವಳಲ್ಲ. ಸರ್ ಮುಖ ಅರಳಿತು.

“ನಾರ್ವೆ ಮಾಡಿದ ಹಾಗೆ ನಾನೂ ಆಕ್ಷೇಪ ದಾಖಲಿಸುತ್ತೇನೆ,” ಎಂದರು. “ನಾಳೆ ಪಾಸಾದರೂ ಈ ಕಾನೂನು ನನಗೆ ತಾಗುದಿಲ್ಲ. ಅಲ್ವಾ ನಾರ್ವೆ?”

ನನಗೆ ಎಲ್ಲಿಂದ ಅಷ್ಟು ಸಿಟ್ಟು ಬಂತೋ! “ಸರ್, ನಾನು ಆಕ್ಷೇಪ ಹೇಳಿದ್ದು ಮೊದಲೇ. ನೀವು ಈಗ ಹೇಳ್ತಾ ಇದ್ದೀರಿ, ನಿಮ್ಮ ಸಾಮಾನಿಗೆ ಕೈ ಹಾಕಿದ ಮೇಲೆ. ನಮಗೊಂದು ಕಾನೂನು, ನಿಮಗೊಂದಾ? ಅದೆಲ್ಲ ಆಗುದಿಲ್ಲ. ನೀವೇ ನಮಗೆ ಹೇಳಿಕೊಟ್ಟು ನೀವೇ ಹೀಗೆ ಮಾಡಿದರೆ ನಾವು ಯಾರನ್ನು ನಂಬುವುದು? ನನ್ನ ವೋಟು ಒಮಾನ್‌ಗೆ!”

ಒಳಗೆ ಮಲಗಿದ್ದ ರೂಮಿನವರೊಬ್ಬರು ಬಾಗಿಲು ಸರಿಸಿ ಇಣುಕಿದರು. ಸರ್ ಎಲುಬನ್ನು ನೋಡುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದರು.

“ಈಗ ಹೇಳಿದೆಯಲ್ಲ, ಅದು ಯಾವ ಭಾಷೆ ಅಂತ ಗೊತ್ತುಂಟಾ ನಿನಗೆ?” ಎಂದರು.

ನಿಜಕ್ಕೂ ನನಗೆ ಗೊತ್ತಾಗಿರಲಿಲ್ಲ. ಸರ್ ಜೋರಾಗಿ ನಗತೊಡಗಿದರು. ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡರು. ಆಮೇಲೆ ನೆಟ್ಟಗೆ ನಿಂತು, ಡಸ್ಟರ್ ಎತ್ತಿ, ಮೇಜು ಮುರಿಯುವ ಹಾಗೆ ಬಡಿದರು. “ಪಾಸ್. ಖಲಾಸ್.”

ಮನೆಯಲ್ಲಿ ಸುದ್ದಿ ಕೇಳಿ ಮಮ್ಮಿ ನಮ್ಮಿಬ್ಬರಿಗೂ ಬೈದಳು. “ಪಾಪ, ಆ ಮನುಷ್ಯನಿಗೆ ಕೂರಲಿಕ್ಕೆ ಇದ್ದ ಒಂದನ್ನೂ ಬಿಡಲಿಲ್ಲ ನೀವು,” ಎಂದಳು. ವಾಸನೆಯ ಬಗ್ಗೆ ಅಷ್ಟು ಗೊಣಗಿದವಳು! ಮಕ್ಕಳ ಆಟ, ಬಿಟ್ಟುಬಿಡಿ ಎಂದು ಸರ್‌ಗೆ ಫೋನ್ ಕೂಡ ಮಾಡಿದಳು. ಆಟ ಎಂದು ನಾನು ಹೇಳಿದರೆ ಮಕ್ಕಳು ಇನ್ನು ಬಾಯಿ ತೆರೆಯುವುದಿಲ್ಲ ಎಂದರಂತೆ ಸರ್.

ಮುಂದಿನ ಶುಕ್ರವಾರ ಕ್ಲಾಸು ಕಡಲಿನ ದಂಡೆಯಲ್ಲಿ ನಡೆಯಿತು. ಸರ್‌ಗೆ ಪರಿಚಯದ ಒಬ್ಬ ಒಮಾನಿ ಮೀನುಗಾರನ ದೋಣಿ. ಎಲುಬನ್ನು ಗೋಣಿಯಲ್ಲಿ ಸುತ್ತಿ ನಾವೆಲ್ಲ ಹೊತ್ತೆವು; ಜಪಾನೂ ನಾರ್ವೆಯೂ ಒಂದೊಂದು ಮೂಲೆ ಹಿಡಿದವು. ಕಡಲಿನಿಂದ ಮನೆಗೆ ಸಾಮಾನು ಒಯ್ಯುವವರನ್ನು ನೋಡಿದ್ದೇನೆ, ಮನೆಯಿಂದ ಕಡಲಿಗೆ ಒಯ್ಯುವವರನ್ನು ಇವತ್ತೇ ನೋಡಿದ್ದು ಎಂದು ಆ ಮೀನುಗಾರ ಹಿಂದಿಯಲ್ಲಿ ತಮಾಷೆ ಮಾಡಿದ. ಮಕ್ಕಳನ್ನು ದೋಣಿಗೆ ಹತ್ತಿಸಲಿಲ್ಲ. ಸರ್ ಒಬ್ಬರೇ ಹೋದರು. ದೂರದಲ್ಲಿ ದೋಣಿ ನಿಂತದ್ದು ಕಂಡಿತು, ಅವರು ಬಗ್ಗಿದ್ದೂ. ನೀರಿಗೆ ಬಿದ್ದ ಸದ್ದು ನಮಗೆ ಕೇಳಲಿಲ್ಲ... ಮರಳಿ ಬಂದಾಗ ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಗಿತ್ತು, ಮುಖ ತೊಳೆದ ಹಾಗಿತ್ತು. “ಯಲ್ಲಾ, ನಡೀರಿ ನಡೀರಿ, ಗೋಳಿಬಜೆ ತಣ್ಣಗಾಗ್ತದೆ,” ಎಂದರು.

ಬೇಸಿಗೆಯಲ್ಲಿ ಅವರು ಹೊರಟುಹೋದರು. ಉಳಿದ ಕೆಲವು ಶುಕ್ರವಾರ ಎಲುಬಿದ್ದ ಜಾಗದಲ್ಲಿ ನೆಲದ ಮೇಲೆ ಎಣ್ಣೆಯ ಒಂದು ದುಂಡು ಕಲೆಯಿತ್ತು. ಅಲ್ಲಿ ಯಾರೂ ಚಾಪೆ ಹಾಸುತ್ತಿರಲಿಲ್ಲ.

ದೊಡ್ಡವಳಾದ ಮೇಲೆ ಒಂದು ರಜೆಯಲ್ಲಿ ಅವರ ಮನೆಗೆ ಹೋಗಿದ್ದೆ. ಮನೆ ತುಂಬ ಜನ, ಮೊಮ್ಮಕ್ಕಳ ಗದ್ದಲ, ಸುಲೈಮಾನಿ ಚಹಾ. ಸಿಟೌಟ್‌ನಲ್ಲಿ ಬಾಗಿಲ ಎಡಕ್ಕೆ ಕುರ್ಚಿಗಳು ಒತ್ತೊತ್ತಾಗಿದ್ದವು. ಬಲಕ್ಕೆ ಏನೂ ಇರಲಿಲ್ಲ. ನಾನು ಅದನ್ನೇ ನೋಡುತ್ತಿರುವುದು ಅವರಿಗೆ ತಿಳಿಯಿತು. “ಖಾಲಿ ಬಿಟ್ಟರೆ ಬಂದವರು ಕೇಳ್ತಾರೆ, ಇಲ್ಲಿ ಎಂತ ಇತ್ತು ಅಂತ,” ಎಂದರು. “ಆಗ ನಾನು ನಾರ್ವೆಯ ಕಥೆ ಹೇಳ್ತೇನೆ. ಎಲುಬು ಇದ್ದಿದ್ದರೆ ಬರೀ ತಿಮಿಂಗಿಲದ ಕಥೆ ಆಗ್ತಿತ್ತು.” ಹೇಳುವಾಗ ಅವರ ಮುಖದಲ್ಲಿ ಎಂಥ ಹೆಮ್ಮೆ! ನನಗೆ ಅಲ್ಲೇ ಅವರ ಕಾಲಿಗೆ ಬೀಳಬೇಕು ಅನಿಸಿತ್ತು. ಬೀಳಲಿಲ್ಲ, ಇನ್ನೊಂದು ಚಹಾ ಕುಡಿದೆ.

ಕಳೆದ ವರ್ಷ ಅವರು ತೀರಿಕೊಂಡ ಸುದ್ದಿ ವಾಟ್ಸಾಪಿನಲ್ಲಿ ಬಂತು. ನನ್ನ ತಮ್ಮ ಕೆನಡಾದಿಂದ ಫೋನ್ ಮಾಡಿ, ಕನ್ನಡದಲ್ಲಿ, “ಅಸಲಿ ಜಪಾನ್ ಆಯೋಗ ಬಿಟ್ಟು ಹೋಯ್ತಲ್ಲ, ಸರ್‌ಗೆ ಗೊತ್ತಾಗಿತ್ತಾ?” ಎಂದ. ಗೊತ್ತಿತ್ತು. ಆ ಸುದ್ದಿ ಬಂದ ದಿನ ಸರ್ ನನಗೆ ಒಂದೇ ಸಾಲು ಕಳುಹಿಸಿದ್ದರು: ನಿನ್ನ ತಮ್ಮನ ಕಿವಿ ಹಿಂಡು.

ನಾನೀಗ ಮಸ್ಕತ್‌ನಲ್ಲೇ, ಖುರುಮ್‌ನ ಒಂದು ಶಿಪ್ಪಿಂಗ್ ಆಫೀಸಿನಲ್ಲಿದ್ದೇನೆ. ದಿನವಿಡೀ ಕರಾರುಗಳಲ್ಲಿ ‘ಆದಾಗ್ಯೂ’, ‘ಹೊರತುಪಡಿಸಿ’ಗಳನ್ನು ಹುಡುಕುವುದೇ ಕೆಲಸ. ಯಾರಾದರೂ ತಮಗೊಂದು ವಿನಾಯಿತಿ ತುರುಕಿದ್ದು ಕಂಡರೆ ಅದೇ ಹಳೆಯ ಸಿಟ್ಟು ಏರುತ್ತದೆ. ಸಂತೋಷವಾಗಿಯೇ ಇದ್ದೇನೆ. ಆದರೂ ರೆಸಿಡೆಂಟ್ ಕಾರ್ಡು ನವೀಕರಿಸುವ ಸಾಲಿನಲ್ಲಿ ನಿಂತಾಗಲೆಲ್ಲ ಒಂದು ಮಾತು ನೆನಪಾಗುತ್ತದೆ. ಹುಟ್ಟಿದ ಊರಿನಲ್ಲಿ ನಮ್ಮಂಥ ಮಕ್ಕಳು ‘ನಾನು ಇಲ್ಲಿಯವಳು’ ಎಂದು ಗಟ್ಟಿಯಾಗಿ ಹೇಳಬಹುದಾಗಿದ್ದ ಜಾಗ ಒಂದೇ ಇತ್ತು. ಸರ್ ಅದನ್ನು ಯೋಚಿಸಿಯೇ ಆ ಮಾತು ಇಟ್ಟಿದ್ದರೇ? ಕೇಳಬೇಕಿತ್ತು, ಕೇಳಲಿಲ್ಲ.

ರುಸ್ತಾಕ್‌ನ ಆ ತೋಟದಲ್ಲಿ, ಕಾಲುವೆಯ ಬದಿಯ ಖರ್ಜೂರದ ಮರದಡಿ ಇದ್ದದ್ದೂ ಅಂಥದ್ದೇ ಒಂದು ಬೆನ್ನುಮೂಳೆ. ನಮ್ಮ ಸರ್‌ದಲ್ಲ, ಅದು ಕಡಲಿನ ತಳದಲ್ಲಿದೆ. ಇದನ್ನು ಗೆಳತಿಯ ಅಜ್ಜ ಎಂದೋ ಕರಾವಳಿಯಿಂದ ತಂದಿದ್ದಂತೆ. ನಮ್ಮ ಕಾನೂನಿನ ಪ್ರಕಾರ ಇದು ಇಲ್ಲಿರಬಾರದು, ಆದರೆ ನಮ್ಮ ಆಯೋಗವೇ ಈಗ ದಿಕ್ಕಾಪಾಲಾಗಿದೆ.

“ಕೂತುಕೋ,” ಎಂದಳು ಗೆಳತಿ. “ಅಜ್ಜ ದಿನಾ ಕೂರುತ್ತಿದ್ದದ್ದು ಅಲ್ಲೇ.”

ಕೂತೆ. ಎಲುಬು ಬೆಚ್ಚಗಿತ್ತು. ಕೂತ ಮೇಲೆ ನಿಯಮ ನಿಯಮವೇ.

“ನಾನು ಇಲ್ಲಿಯವಳು. ಎಲ್ಲಿಗೂ ಹೋಗುವವಳಲ್ಲ,” ಎಂದೆ, ಕನ್ನಡದಲ್ಲಿ, ಗಟ್ಟಿಯಾಗಿ. ಆಮೇಲೆ ಸರ್ ಪಾಲಿನದ್ದನ್ನೂ ನಾನೇ ಕೇಳಿದೆ, “ಆಕ್ಷೇಪ ಉಂಟಾ?”

ಏನಂದೆ ಎಂದು ಗೆಳತಿ ಕೇಳಿದಳು. ಎರಡನ್ನೂ ಅವಳಿಗೆ ತಿಳಿಯುವ ಹಾಗೆ ಹೇಳಿದೆ. ಅವಳು ತೋಟದ ಸುತ್ತ ಒಮ್ಮೆ ನೋಡಿದಳು, ಮರಗಳನ್ನು, ನೀರನ್ನು, ಅತ್ತ ಚಹಾ ಕುಡಿಯುತ್ತಾ ಕೂತಿದ್ದ ತನ್ನ ಮನೆಯವರನ್ನು. “ಇಲ್ಲವಲ್ಲ,” ಎಂದಳು, ಇದೂ ಒಂದು ಪ್ರಶ್ನೆಯೇ ಎನ್ನುವ ಹಾಗೆ.

ಡಸ್ಟರ್ ಬಡಿಯಲು ಮಾತ್ರ ಯಾರೂ ಇರಲಿಲ್ಲ.